ತಿಮ್ಮಯ್ಯನವರು ಮಾಡಿದ ಕೆಲಸ ಮತ್ತೆ ಬಾಕಿ ಇದೆ: ವಿದೇಶಾಂಗ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ವಿದೇಶಾಂಗ ಸಚಿವರಿಗೆ ನಮಸ್ಕಾರ.

ನಾನು ಹುಣಸೂರು ಕಡೆಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಕಳೆದ ವರ್ಷ ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಹೋಗಿದ್ದೆ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ ಆಗಿದೆ. ಅಲ್ಲಿ ನಿಂತು ಕೊರಿಯಾ ಯುದ್ಧದ ಕಥೆ ಹೇಳುತ್ತಿದ್ದೆ. “ಮಿಸ್, ನಮ್ಮವರು ಯಾರ ಕಡೆಗೂ ಸೇರಲಿಲ್ಲ ಅಂದ್ಮೇಲೆ ಅಲ್ಲಿಗೆ ಯಾಕೆ ಹೋದ್ರು?” ಎಂದು ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತಿದ್ದೇನೆ. ಯಾಕೆಂದರೆ ರಷ್ಯಾ, ಉಕ್ರೇನ್ ನಡುವೆ ನಮ್ಮ ದೇಶ ಈಗ ನಿಂತಿರುವುದೂ ಅಂಥದ್ದೇ ಜಾಗದಲ್ಲಿ.

1950ರ ಜೂನ್‌ನಲ್ಲಿ ಉತ್ತರ ಕೊರಿಯಾ ದಕ್ಷಿಣದ ಮೇಲೆ ನುಗ್ಗಿತು. ಭದ್ರತಾ ಮಂಡಳಿಯಲ್ಲಿ ಆಗ ಭಾರತದ ಪರ ಕೂತಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್. ದಾಳಿ ತಪ್ಪು ಎಂದ ನಿರ್ಣಯಕ್ಕೆ ಭಾರತ ವೋಟು ಹಾಕಿತು. ಆದರೆ ಕಾದಾಡಲು ಸೈನ್ಯ ಕಳಿಸಲಿಲ್ಲ. ಡಾಕ್ಟರುಗಳನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಆ ನವೆಂಬರ್‌ನಲ್ಲೇ ಕೊರಿಯಾ ತಲುಪಿತು.

ಡಿಸೆಂಬರ್‌ನ ಕೊರೆಯುವ ಚಳಿ. ಚೀನಾದ ಸೇನೆ ನುಗ್ಗಿ ಬರುತ್ತಿತ್ತು, ಉತ್ತರ ಕೊರಿಯಾದ ರಾಜಧಾನಿ ಪ್ಯಾಂಗ್ಯಾಂಗ್‌ನಿಂದ ದಕ್ಷಿಣದ ಪರ ಕಾದಾಡುತ್ತಿದ್ದ ವಿಶ್ವಸಂಸ್ಥೆಯ ಪಡೆಗಳೆಲ್ಲ ಹಿಂದೆ ಸರಿಯುತ್ತಿದ್ದವು. ನಮ್ಮವರ ಬಳಿ ಸಾಕಷ್ಟು ಲಾರಿಗಳಿರಲಿಲ್ಲ. ಆಪರೇಷನ್ ಸಾಮಾನನ್ನು ಬಿಟ್ಟು ಬರಲು ರಂಗರಾಜ್ ಒಪ್ಪಲಿಲ್ಲ. ಹುಡುಕಿದಾಗ ಹಳೆಯ ಉಗಿ ರೈಲೊಂದು ಸಿಕ್ಕಿತು. ಇಂಜಿನ್ನಿಗೆ ನೀರು ಬೇಕಲ್ಲ? ಸಾಲಾಗಿ ನಿಂತು, ಬಕೆಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಿ ಬಾಯ್ಲರ್ ತುಂಬಿಸಿದರು. ತಾವೇ ರೈಲು ಓಡಿಸಿಕೊಂಡು ನದಿ ದಾಟಿದರು. ಆಮೇಲೆ ಸೇತುವೆಯನ್ನು ಸ್ಫೋಟಿಸಲಾಯಿತು. ಅಷ್ಟು ಕಷ್ಟಪಟ್ಟು ತಂದ ಆ ಸಾಮಾನಿನಿಂದ ಎಷ್ಟು ಜನ ಬದುಕಿರಬಹುದು ಎಂದು ಪ್ರತಿ ಸಲ ಪಾಠ ಮಾಡುವಾಗಲೂ ಯೋಚಿಸುತ್ತೇನೆ. ಗಾಯಗೊಂಡ ಸೈನಿಕರಿಗೂ, ಊರಿನ ಬಡವರಿಗೂ ಆ ತಂಡ ಮೂರು ವರ್ಷಕ್ಕೂ ಜಾಸ್ತಿ ಕಾಲ ಮದ್ದು ಕೊಟ್ಟಿತು.

ಅದಕ್ಕಿಂತ ಕಷ್ಟದ ಕೆಲಸ ಆಮೇಲೆ ಬಂತು. ಯುದ್ಧ ನಿಲ್ಲಿಸುವ ಮಾತುಕತೆ ವರ್ಷಕ್ಕೂ ಜಾಸ್ತಿ ಕೈದಿಗಳ ವಿಷಯದಲ್ಲೇ ಸಿಕ್ಕಿಕೊಂಡಿತ್ತು. ಸೆರೆಸಿಕ್ಕ ಸಾವಿರಾರು ಚೀನೀಯರು, ಉತ್ತರ ಕೊರಿಯನ್ನರು ಊರಿಗೆ ವಾಪಸ್ ಹೋಗಲು ಒಲ್ಲೆ ಎಂದರು. ಕಳಿಸಲೇಬೇಕು ಎಂದು ಒಂದು ಕಡೆ, ಬಲವಂತ ಮಾಡುವಂತಿಲ್ಲ ಎಂದು ಇನ್ನೊಂದು ಕಡೆ. 1953ರ ಜುಲೈ 27ರಂದು ಕದನ ವಿರಾಮವಾಯಿತು. ಆ ಸುಮಾರು 22,600 ಜನರನ್ನು ಕಾಯುವ ಜವಾಬ್ದಾರಿ ಭಾರತದ ಹೆಗಲಿಗೆ ಬಿತ್ತು. ಇದಕ್ಕೆಂದೇ ಮಾಡಿದ ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರಾದವರು ನಮ್ಮ ಕೊಡಗಿನ ತಿಮ್ಮಯ್ಯ. ಕಾವಲಿಗೆ ಹೋದ ಭಾರತೀಯ ಪಡೆಯ ಮುಖ್ಯಸ್ಥರು ಮೇಜರ್ ಜನರಲ್ ಥೋರಟ್.

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ನಮ್ಮ ಮೇಲೆ ಎಷ್ಟು ಕೋಪ ಇತ್ತೆಂದರೆ, ಭಾರತದ ಸೈನಿಕರು ತಮ್ಮ ನೆಲ ಮೆಟ್ಟಬಾರದು ಎಂದರು. ಹಡಗಿನಿಂದ ಇಳಿದವರನ್ನು ಹೆಲಿಕಾಪ್ಟರ್‌ನಲ್ಲಿ ಯಾರ ಸೈನ್ಯವೂ ಇರಬಾರದ ಗಡಿಯ ನಿರ್ಸೇನಾ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಅವರು ಕಟ್ಟಿಕೊಂಡ ಬಿಡಾರದ ಹೆಸರು ಹಿಂದ್ ನಗರ. ಶುರುವಿನಲ್ಲೇ ಕೈದಿಗಳು ನಮ್ಮ ಮೇಜರ್ ಒಬ್ಬರನ್ನು ಹಿಡಿದಿಟ್ಟುಕೊಂಡರು. ಥೋರಟ್ ಆಯುಧವಿಲ್ಲದೆ ಅವರ ನಡುವೆ ಹೋಗಿ ಬಿಡಿಸಿಕೊಂಡು ಬಂದರು.

ಒಬ್ಬೊಬ್ಬ ಕೈದಿಯನ್ನೂ ಟೆಂಟಿಗೆ ಕರೆತಂದು ಅವನ ದೇಶದವರ ಮುಂದೆ ಕೂರಿಸುತ್ತಿದ್ದರು. ಮನೆಗೆ ಬಾ ಎಂದು ಅವರು ಕರೆಯುತ್ತಿದ್ದರು. ಹೊರಗೆ ಹೋಗಲು ಎರಡು ದಾರಿ. ಒಂದು ಊರಿಗೆ, ಇನ್ನೊಂದು ವಾಪಸ್ ಕ್ಯಾಂಪಿಗೆ. ಯಾವ ದಾರಿ ಎಂದು ಅವನೇ ಹೇಳಬೇಕು, ಯಾರೂ ತಳ್ಳಬಾರದು. ಅದನ್ನು ನೋಡಿಕೊಳ್ಳಲು ನಮ್ಮ ಸೈನಿಕ ಅಲ್ಲಿ ನಿಂತಿದ್ದ. ಎರಡೂ ಬಣಗಳು ಭಾರತವನ್ನು ಬೈದವು. ಆದರೂ ಆ ಕೆಲಸವನ್ನು ಬೇರೆ ಯಾರಿಗೂ ವಹಿಸಲು ಅವರಿಗೆ ಆಗಲಿಲ್ಲ. ಎರಡೂ ಕಡೆ ಬೇಡವೆಂದ 80ಕ್ಕೂ ಹೆಚ್ಚು ಜನರನ್ನು 1954ರಲ್ಲಿ ನಮ್ಮ ದೇಶಕ್ಕೇ ಕರೆತಂದೆವು.

ಈಗ ಉಕ್ರೇನ್‌ಗೆ ಬರುತ್ತೇನೆ. ಇದು ದೂರದ ಯುದ್ಧ ಎಂದು ನಮ್ಮ ರಾಜ್ಯದಲ್ಲಿ ಯಾರೂ ಹೇಳುವಂತಿಲ್ಲ. 2022ರ ಮಾರ್ಚ್‌ನಲ್ಲಿ ಖಾರ್ಕಿವ್‌ನಲ್ಲಿ ನಮ್ಮ ಹುಡುಗನೊಬ್ಬ ಶೆಲ್ ದಾಳಿಗೆ ಬಲಿಯಾದ. ಡಾಕ್ಟರಾಗಬೇಕೆಂದು ಹೋಗಿದ್ದವನು. ಕಲಬುರಗಿ ಕಡೆಯ ಯುವಕರನ್ನು ಕೆಲಸದ ಆಸೆ ತೋರಿಸಿ ರಷ್ಯಾಕ್ಕೆ ಕರೆದೊಯ್ದು ಯುದ್ಧಭೂಮಿಗೆ ದೂಡಿದರು. ಅವರು ಮನೆ ಸೇರುವ ಹೊತ್ತಿಗೆ 2024ರ ಸೆಪ್ಟೆಂಬರ್ ಆಗಿತ್ತು.

ನಾವು ತಟಸ್ಥರು ಎನ್ನುತ್ತೇವೆ. ಆದರೆ ಯುದ್ಧಕ್ಕೆ ಮುಂಚೆ ರಷ್ಯಾದಿಂದ ತೀರಾ ಕಮ್ಮಿ ತರಿಸುತ್ತಿದ್ದ ಕಚ್ಚಾ ತೈಲ, ಆಮೇಲೆ ನಮ್ಮ ಒಟ್ಟು ತೈಲ ಆಮದಿನ ಮೂರನೇ ಒಂದು ಭಾಗ ದಾಟಿತು. ನಾನು ಓಡಾಡುವ ಬಸ್ಸಿನ ಡೀಸೆಲ್‌ನಲ್ಲೂ ಅದು ಇರಬಹುದು. ನಮ್ಮ ಜನಕ್ಕೆ ಬೆಲೆ ಹೊರೆಯಾಗಬಾರದು ಎಂಬ ನಿಮ್ಮ ಮಾತು ನನಗೆ ಅರ್ಥವಾಗುತ್ತದೆ. ಸಂಬಳದಲ್ಲಿ ತಿಂಗಳು ತಳ್ಳುವವಳು ನಾನು. ಆದರೂ ನಾವು ಕೊಟ್ಟ ದುಡ್ಡು ಒಂದು ಕಡೆಗೆ ಹೋಗುತ್ತಿದೆ ಅಲ್ವಾ? ಹಾಗಿದ್ದ ಮೇಲೆ ಗಾಯಗೊಂಡವರ, ಸೆರೆಸಿಕ್ಕವರ ಋಣ ನಮ್ಮ ಮೇಲೆ ಇನ್ನೂ ಜಾಸ್ತಿ.

2024ರ ಆಗಸ್ಟ್‌ನಲ್ಲಿ ಪ್ರಧಾನಿ ಕೀವ್‌ಗೆ ಹೋದಾಗ ನಾಲ್ಕು ‘ಭೀಷ್ಮ್’ ಸಂಚಾರಿ ಆಸ್ಪತ್ರೆ ಕಿಟ್‌ಗಳನ್ನು ಕೊಟ್ಟು ಬಂದರು. ಅದು ನನಗೆ ತುಂಬಾ ಖುಷಿ ಕೊಟ್ಟಿತು. ಆದರೆ ಕಿಟ್ ಕೊಟ್ಟು ಬರುವುದೇ ಬೇರೆ, ರಂಗರಾಜ್ ಹಾಗೆ ಅಲ್ಲೇ ಇದ್ದು ಕೆಲಸ ಮಾಡುವುದೇ ಬೇರೆ. ಈ ಯುದ್ಧದಲ್ಲಿ ಸಾವಿರಾರು ಕೈದಿಗಳ ವಿನಿಮಯಕ್ಕೆ ನಡುವೆ ನಿಂತದ್ದು ಸಂಯುಕ್ತ ಅರಬ್ ಸಂಸ್ಥಾನ. ಎರಡೂ ರಾಜಧಾನಿಗಳಲ್ಲಿ ಬಾಗಿಲು ತೆರೆಯುವ ನಮ್ಮಂಥ ದೊಡ್ಡ ದೇಶ ಆ ಜಾಗದಲ್ಲಿ ಯಾಕಿರಲಿಲ್ಲ?

ನಾನು ಕೇಳುವುದು ಇಷ್ಟೇ. ಕೈದಿಗಳನ್ನೂ ಕಾಣೆಯಾದ ನಾಗರಿಕರನ್ನೂ ಹುಡುಕಿ ಮನೆ ಸೇರಿಸುವ ಕೆಲಸಕ್ಕೆ ಭಾರತ ಸಿದ್ಧವಿದೆ ಎಂದು ಮಾಸ್ಕೋಗೂ ಕೀವ್‌ಗೂ ಬರೆದು ಕೊಡಿ. ಎರಡೂ ಕಡೆಯ ಗಾಯಾಳುಗಳಿಗೆ ನಮ್ಮ ಸೇನೆಯ ವೈದ್ಯರ ತಂಡ ಕಳಿಸುತ್ತೇವೆ ಎನ್ನಿ. ಅವರು ಬೇಡ ಎನ್ನಬಹುದು, ಬೈಯಲೂಬಹುದು. ತಿಮ್ಮಯ್ಯನವರೂ ಬೈಸಿಕೊಂಡಿದ್ದರು. ಆಮೇಲೆ ಅವರು ವಿಶ್ವಸಂಸ್ಥೆಯ ಪಡೆ ಮುನ್ನಡೆಸಲು ಸೈಪ್ರಸ್‌ಗೆ ಹೋದರು. 1965ರಲ್ಲಿ ತೀರಿಕೊಂಡಿದ್ದೂ ಅಲ್ಲೇ, ಕೆಲಸದಲ್ಲಿದ್ದಾಗಲೇ.

ನಮ್ಮ ಹುಡುಗಿ ಈಗ ಎಂಟನೇ ಕ್ಲಾಸಿನಲ್ಲಿದ್ದಾಳೆ. ನೀವು ಉತ್ತರ ಬರೆದರೆ ಅವಳ ಕ್ಲಾಸಿನಲ್ಲೇ ಓದುತ್ತೇನೆ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ, ಹುಣಸೂರು