ರಾಡಿನ ಕಣ್ಣು ಅಳೆದವರಿಗೆ

ಶನಿವಾರ ಸಂಜೆ ಟ್ರ್ಯಾಕ್ಟರ್ ಎಳೆತದ ಸ್ಪರ್ಧೆಯಲ್ಲಿ ನಮ್ಮ ಹಳೆಯ ಆಲಿವರ್ 88 ಟ್ರ್ಯಾಕ್ಟರ್ ಭಾರ ಹೊತ್ತ ಸ್ಲೆಡ್ಡನ್ನು 271 ಅಡಿ ಎಳೆದು ನಿಂತಿತು. ಪೂರ್ತಿ ಎಳೆತಕ್ಕೆ 300 ಅಡಿ ಬೇಕು, ಹಾಗಾಗಿ ಬಹುಮಾನವಿಲ್ಲ. ಆದರೆ ಎಂಜಿನ್ ಇಡಿಯಾಗಿ ಮನೆಗೆ ಬಂತು. ಹೋದ ವರ್ಷ ಅದು ಚೂರುಚೂರಾಗಿ ಬಕೆಟ್ಟಿನಲ್ಲಿ ಬಂದದ್ದು ನಿಮಗೆಲ್ಲ ಗೊತ್ತೇ ಇದೆ. ಆ ಕಥೆ ಮತ್ತೆ ಬೇಡ.

ಊರಿನ ಬಂಧುಗಳಿಗಾಗಿ ಮಾತ್ರ ಎರಡು ಮಾತು. ಟ್ರ್ಯಾಕ್ಟರ್ ಮುಂದೆ ಸಾಗಿದಂತೆಲ್ಲ ಸ್ಲೆಡ್ಡಿನ ಮೇಲಿನ ತೂಕದ ಪೆಟ್ಟಿಗೆಯೂ ಮುಂದಕ್ಕೆ ಜರುಗಿ ಭಾರ ಏರುತ್ತಲೇ ಹೋಗುತ್ತದೆ. ಇಲ್ಲೇ ಅಯೋವಾದ ಚಾರ್ಲ್ಸ್ ಸಿಟಿಯಲ್ಲಿ ತಯಾರಾದ ಈ ಆರು ಸಿಲಿಂಡರಿನ ಎಂಜಿನ್ ಹುಟ್ಟಿದ್ದು ನಿಮಿಷಕ್ಕೆ 1600 ಸುತ್ತು ತಿರುಗಲು. ನಾನು ಅದನ್ನು 4500ಕ್ಕೆ ಓಡಿಸಲು ಹೊರಟವನು. ಸುತ್ತು ಮೂರು ಪಟ್ಟಿನ ಹತ್ತಿರಕ್ಕೆ ಏರಿದರೆ ಪಿಸ್ಟನ್ ತನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡನ್ನು ಜಗ್ಗುವ ಬಲ ಎಂಟು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಈ ಲೆಕ್ಕ ನನಗೆ ಬಾಯಿಪಾಠವಾಗಿತ್ತು. ಅಷ್ಟು ಸಾಕೆಂದುಕೊಂಡಿದ್ದೆ.

ಗಟ್ಟಿ ವಾಲ್ವ್ ಸ್ಪ್ರಿಂಗ್ ಹುಡುಕಿಕೊಟ್ಟ ಕಚೇರಿಯ ಗೆಳೆಯರಿಗೆ, ಟ್ರೇಲರ್ ಕೊಟ್ಟವರಿಗೆ, ವರ್ಷವಿಡೀ ಭಾನುವಾರಗಳನ್ನು ಬಿಟ್ಟುಕೊಟ್ಟ ಹೆಂಡತಿ ಮಗಳಿಗೆ, ನಡುರಾತ್ರಿ ತನ್ನ ವರ್ಕ್‌ಶಾಪಿನ ಬೀಗದ ಕೈ ಕೊಟ್ಟು ಏನನ್ನೂ ಕೇಳದೆ ಮಲಗಲು ಹೋದ ಪಕ್ಕದ ಹೊಲದ ರೈತನಿಗೆ ಕೃತಜ್ಞತೆಗಳು.

ಇನ್ನು ಮಾವನವರು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಮೂವತ್ತು ವರ್ಷ ಎಂಜಿನ್ ಬೋರಿಂಗ್ ಮಾಡಿದವರು, ಮೊಮ್ಮಗಳನ್ನು ನೋಡಲು ಬಂದಿದ್ದರು. ಸ್ಪರ್ಧೆಗೆ ಎರಡು ದಿನವಿರುವಾಗ, ಪರೀಕ್ಷೆಗೆ ಓಡಿಸಿದ ಎಂಜಿನ್ನಿನ ಆಯಿಲ್ ಫಿಲ್ಟರನ್ನು ತಾವೇ ಕೊಯ್ದು, ಕಾಗದವನ್ನು ಬಿಸಿಲಿಗೆ ಹಿಡಿದರು. ಬೆಳ್ಳಿಯ ಪುಡಿಯಂತೆ ಲೋಹದ ಚೂರು ಮಿನುಗುತ್ತಿತ್ತು. ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯನ್ನು ಬಿಚ್ಚಿದರೆ ಮೂರನೆಯ ರಾಡಿನ ಬೇರಿಂಗ್ ಸವೆದಿತ್ತು.

"ಅಳಿಯಂದಿರೇ, ಬೋಲ್ಟ್ ಬದಲಿಸಿದ ಮೇಲೆ ರಾಡಿನ ಕಣ್ಣನ್ನು ಮತ್ತೆ ಅಳೆದಿದ್ದಿರಾ?"

ಅಳೆದಿರಲಿಲ್ಲ. ಕಣ್ಣೆಂದರೆ ರಾಡಿನ ತುದಿಯಲ್ಲಿ ಬೇರಿಂಗ್ ಕೂರುವ ದುಂಡು ತೂತು. ಹೊಸ ಗಟ್ಟಿ ಬೋಲ್ಟುಗಳ ಬಿಗಿತಕ್ಕೆ ಅದು ಕೂದಲೆಳೆಯಷ್ಟು ಅಂಡಾಕಾರವಾಗುತ್ತದೆ. ಅದನ್ನು ಮತ್ತೆ ಹೋನಿಂಗ್ ಮಾಡಿ, ಅಂದರೆ ಒಳಗಿನಿಂದ ನಯವಾಗಿ ಉಜ್ಜಿ, ದುಂಡಗಾಗಿಸಬೇಕು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಉಳುವ ಟ್ರ್ಯಾಕ್ಟರ್ ರಿಪೇರಿ ಮಾಡಿದವರಿಗೆ ಇದೇನು ತಿಳಿದೀತು ಎಂದು ಅವರೆದುರಿಗೇ ಅಂದುಬಿಟ್ಟೆ. ಅಷ್ಟು ಹೊತ್ತಿಗೆ ಮನೆಯೊಳಗಿನ ಮಾತೂ ನಿಂತುಹೋಗಿತ್ತು. ಅವರು ಒಳಗೆ ಹೋದರು. ಹೊರಟೇಹೋದರು ಎಂದುಕೊಂಡು ಗ್ಯಾರೇಜಿನ ನೆಲದ ಮೇಲೆ ಕುಳಿತು ಅತ್ತುಬಿಟ್ಟೆ. ನಲವತ್ತಾರು ವರ್ಷದವನು, ಒಂದು ಹಳೆಯ ಎಂಜಿನ್ನಿಗಾಗಿ. ಈಗ ಬರೆಯಲೂ ನಾಚಿಕೆ.

ಸ್ವಲ್ಪ ಹೊತ್ತಿಗೆ ಅವರು ಸ್ವೆಟರ್ ಹಾಕಿಕೊಂಡು, ಕೈಯಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಮರಳಿದರು. ನನ್ನ ಮಾತನ್ನು ಕೇಳಿಸಿಕೊಂಡೇ ಇಲ್ಲವೇನೋ ಎಂಬಂತೆ, "ಆರೂ ರಾಡು ಹೊರಗೆ ತೆಗೆಯಿರಿ" ಎಂದರು. ನಾನು ಮೂರನೆಯದೊಂದೇ ಸಾಕೆಂದೆ. ಆರೂ ಬೇಕೆಂದರು. ಪಕ್ಕದವನ ಹೋನಿಂಗ್ ಯಂತ್ರದ ಮುಂದೆ ನಿಂತು, ಉಜ್ಜುವುದು, ತೂತಿನ ಅಳತೆ ತೋರಿಸುವ ಬೋರ್ ಗೇಜಿಟ್ಟು ನೋಡುವುದು, ಮತ್ತೆ ಉಜ್ಜುವುದು. ಒಂದೊಂದು ರಾಡು ಮುಗಿದಾಗಲೂ ನನ್ನ ಕೈಗೆ ಗೇಜ್ ಕೊಟ್ಟು ನನ್ನಿಂದಲೇ ಓದಿಸಿದರು. ಐದನೆಯದರ ಹೊತ್ತಿಗೆ ನನ್ನ ಕಣ್ಣು ಮುಚ್ಚುತ್ತಿತ್ತು. ಎಪ್ಪತ್ತೊಂದರ ಅವರು ಕುಳಿತಿರಲಿಲ್ಲ. ಆರನೆಯದು ಮುಗಿಯುವಾಗ ಹೊರಗೆ ಬೆಳಕಾಗಿತ್ತು.

ಕ್ಷಮಿಸಿ ಎಂದು ಅಂದೇ ಹೇಳಬೇಕಿತ್ತು, ಹೇಳಲಿಲ್ಲ. ವಿಮಾನ ನಿಲ್ದಾಣದಲ್ಲೂ ಬಾಯಿ ಬರಲಿಲ್ಲ. ಮಾವನವರೇ, ಆ ರಾತ್ರಿಯ ಮಾತಿಗೆ ಎಲ್ಲರೆದುರು ಕ್ಷಮೆ ಕೇಳುತ್ತಿದ್ದೇನೆ.

ನಿನ್ನೆ ಫೋನಿನಲ್ಲಿ ಅವರು ಎಷ್ಟು ಅಡಿ ಎಳೆಯಿತೆಂದು ಕೇಳಲಿಲ್ಲ. "ಫಿಲ್ಟರ್ ಕೊಯ್ದು ನೋಡಿದಿರಾ?" ಎಂದರು. ನೋಡಿದ್ದೇನೆ. ಬರೀ ಎಣ್ಣೆಯಿತ್ತು.