ಆರನೇ ಕಂತಿನ ಬೆರಳು

ಪ್ರೀತಿಯ ಹುಡುಗ,

ನಿನ್ನ ಸ್ಕ್ರಿಪ್ಟ್ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೇ ಸಲ ಓದಿದ್ದು ಆ ಲೋಟದ ಸೀನಿಗಾಗಿ. ರಕ್ತಪಿಶಾಚಿಯ ರಕ್ತ ಕುಡಿದು ಮುಗಿಸಿದ ಮೇಲೆ ನಿನ್ನ ಕತೆಯ ಹುಡುಗಿ ಖಾಲಿ ಸ್ಟೀಲ್ ಲೋಟದ ಒಳಗೆ ಬೆರಳು ಸವರುತ್ತಾಳೆ. ಬಾಗಿಲ ಕಡೆ ಒಮ್ಮೆ ನೋಡಿ, ಬೆರಳನ್ನು ಬಾಯಿಗಿಡುತ್ತಾಳೆ. ಇದನ್ನು ಬರೆದವನು ಪತ್ರದ ಕೊನೆಗೆ "ಬರೆಯೋದು ಬಿಟ್ಟುಬಿಡ್ತೀನಿ ಮೇಡಂ" ಅಂದರೆ ನಾನು ನಂಬಬೇಕಾ?

ಯಾವ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಬೇಕು, ಯಾರಿಗೆ ಕಳಿಸಬೇಕು ಅನ್ನುವುದನ್ನೆಲ್ಲ ನಿನ್ನ ಓರಗೆಯವರನ್ನು ಕೇಳು. ನನಗೆ ಅದರಲ್ಲಿ ಆಸಕ್ತಿ ಇಲ್ಲ.

ಸಿಟ್ಟು ಬಂದದ್ದು ಆರನೇ ಕಂತಿಗೆ. ಐದು ಕಂತು ಅವಳಿಗೆ ದಿನಾ ರಕ್ತ ಕುಡಿಸಿದ್ದೀಯ. ಮುರಿದ ಬೆನ್ನು ಕೂಡಿಕೊಂಡಿತು, ಕತ್ತಲಲ್ಲಿ ಕಣ್ಣು ಕಂಡಿತು, ಪಕ್ಕದ ಮನೆಯ ಪಿಸುಮಾತೂ ಕೇಳಿಸಿತು. ಆಮೇಲೆ ರಕ್ತಪಿಶಾಚಿ ಊರು ಬಿಟ್ಟ. ಅವಳು ಎರಡು ದಿನ ನಡುಗಿದಳು, ಬೆವತಳು, ಒಂದು ಸಲ ಕಿರುಚಿದಳು. ಮೂರನೇ ದಿನ ತಲೆಗೆ ಸ್ನಾನ ಮಾಡಿ ಹುರುಳಿಕಾಯಿ ಹೆಚ್ಚುತ್ತಾ ಕೂತಿದ್ದಾಳೆ! ಆ ನಡುಕ ಅವಳದ್ದಲ್ಲ ಕಣಪ್ಪಾ. ಯಾವುದೋ ಸಿನಿಮಾದಿಂದ ಎತ್ತಿ ತಂದದ್ದು.

ಅಮೆರಿಕದ ಪಿಶಾಚಿ ಸೀರಿಯಲ್ "ಟ್ರೂ ಬ್ಲಡ್" ನೋಡಿ ಹುಚ್ಚು ಹಿಡಿಯಿತು ಅಂದೆ. ನಾನೂ ನೋಡಿದ್ದೇನೆ, 2008ರಿಂದ 2014ರವರೆಗೆ ಬಂದ ಏಳೂ ಸೀಸನ್. ಕೊನೆಯ ಎರಡು ಸುಮ್ನೆ ಹಠಕ್ಕೆ. ಲೂಸಿಯಾನಾದ ಆ ಕಲ್ಪನೆಯ ಊರಿನಲ್ಲಿ ಪಿಶಾಚಿಯ ಒಂದೇ ರಕ್ತ ಒಬ್ಬರಿಗೆ ಔಷಧಿ, ಇನ್ನೊಬ್ಬರಿಗೆ ನಶೆ. ಏಟು ತಿಂದು ಸಾಯುವ ಹಾಗಿದ್ದ ನಾಯಕಿ ಸೂಕಿಗೆ ರಕ್ತಪಿಶಾಚಿ ಬಿಲ್ ಕುಡಿಸಿದ್ದೂ ಅದೇ. ಅವಳ ಅಣ್ಣ ಜೇಸನ್ ಕದ್ದುಮುಚ್ಚಿ ಕೊಂಡದ್ದೂ ಅದೇ. ಬೀದಿಯಲ್ಲಿ ಅದರ ಹೆಸರು ಬರೀ "ವಿ". ಜೇಸನ್ ಇಡೀ ಶೀಶೆ ಒಮ್ಮೆಗೇ ಕುಡಿದ. ಮೈಯ ರಕ್ತವೆಲ್ಲ ಗಂಡಸರ ಆ ಜಾಗದಲ್ಲೇ ನಿಂತು, ಡಾಕ್ಟರ್ ಸೂಜಿ ಚುಚ್ಚಿ ಇಳಿಸಬೇಕಾಯಿತು. ನಗು ಬರುತ್ತದೆ, ಅಲ್ವಾ? ಆದರೆ ಆ ತೊಂದರೆ ನಾಲ್ಕು ಗಂಟೆ ದಾಟಿದರೆ ನಿಜವಾದ ಆಸ್ಪತ್ರೆಯಲ್ಲೂ ಅದನ್ನೇ ಮಾಡುತ್ತಾರೆ. ಆಮೇಲೆ ಅವನೂ ಅವನ ಗೆಳತಿ ಏಮಿಯೂ ಎಡ್ಡಿ ಅನ್ನುವ ಪಾಪದ ರಕ್ತಪಿಶಾಚಿಯನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕುತ್ತಾರೆ. ಪ್ರಕೃತಿ, ಭೂಮಿ ಅಂತ ಮಾತಾಡುವ ಹುಡುಗಿ ಆ ಏಮಿ. ಅವಳೇ ಎಡ್ಡಿಯನ್ನು ಕೊಲ್ಲುತ್ತಾಳೆ. ಚಟ ಅಂದರೆ ಇದು ಅಂತ ನನಗೆ ಅನಿಸಿದ್ದು ಅಲ್ಲಿ.

ಮುಂದಿನ ಸೀಸನ್ನಿನಲ್ಲಿ ಜೇಸನ್ ಚರ್ಚಿನವರ ಶಿಬಿರಕ್ಕೆ ಹೋದ. ಹಿಂದಿನ ಸೀಸನ್ನಿನ ಹಪಾಹಪಿ ಎಲ್ಲಿ ಹೋಯಿತು? ಬರೆದವರು ಮರೆತರು. ನೀನು ಕಲಿತದ್ದು ಆ ಮರೆವನ್ನೇ.

ಮೈ ಲೆಕ್ಕ ಇಡುತ್ತದೆ. ಏನನ್ನು ಕೊಟ್ಟೆಯೋ ಅದರ ತಿರುಗು ಮುರುಗನ್ನೇ ವಾಪಸ್ ಕೇಳುತ್ತದೆ. ಅಫೀಮು ಹೊಟ್ಟೆ ಕಟ್ಟಿಸುತ್ತದೆ, ಬಿಟ್ಟರೆ ಭೇದಿ. ಹೆಂಡ ನರಗಳನ್ನು ಮಲಗಿಸುತ್ತದೆ, ಬಿಟ್ಟರೆ ಕೈ ನಡುಕ, ನಿದ್ದೆ ಇಲ್ಲ. ಸ್ಟೆರಾಯ್ಡ್ ಮಾತ್ರೆ ಜಾಸ್ತಿ ದಿನ ನುಂಗಿದರೆ ಮೂತ್ರಪಿಂಡದ ಮೇಲಿನ ಗ್ರಂಥಿಗಳು ತಾವೇ ಸ್ಟೆರಾಯ್ಡ್ ತಯಾರಿಸುವ ಕೆಲಸವನ್ನೇ ನಿಲ್ಲಿಸಿಬಿಡಬಹುದು. ಅದಕ್ಕೇ ಡಾಕ್ಟರು ಒಮ್ಮೆಗೇ ಬಿಡಿಸುವುದಿಲ್ಲ, ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರುತ್ತಾರೆ. ನಿನ್ನ ಹುಡುಗಿಯದ್ದು ಈ ಜಾತಿಯದ್ದು. ಐದು ಕಂತು ಬೇರೆಯವರ ರಕ್ತ ಅವಳ ಗಾಯ ಮಾಯಿಸಿದೆ. ಅವಳ ಮೈಗೆ ಮಾಯಿಸುವುದೇ ಮರೆತಿರಬೇಕು. ಈಗ ಹೇಳು, ಹುರುಳಿಕಾಯಿ ಹೆಚ್ಚುವಾಗ ಚಾಕು ತಾಗಿದರೆ?

ಇಷ್ಟು ಕೂಗಾಡುವುದಕ್ಕೆ ಕಾರಣ ಇದೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನೊಂದು ಸೀರಿಯಲ್ ಬರೆಯುತ್ತಿದ್ದೆ. ನಾಯಕಿಯ ಗಂಡ ಕುಡುಕ. ಚಾನೆಲ್ಲಿನವರಿಗೆ ಅವನು ಬೇಗ ಒಳ್ಳೆಯವನಾಗಬೇಕಿತ್ತು, ನಾದಿನಿಯ ಮದುವೆ ಕಾಯುತ್ತಿತ್ತು. ಹೆಂಡತಿ ದೇವರ ಮುಂದೆ ಅತ್ತಳು, ಅವನು ಬಾಟಲಿ ಒಡೆದ, ಮರುದಿನ ಬಿಳಿ ಶರ್ಟು ಹಾಕಿಕೊಂಡು ಕೆಲಸಕ್ಕೆ ಹೊರಟ. ಒಂದೇ ಕಂತು. ಆ ವಾರ ಟಿಆರ್‌ಪಿ ಏರಿತು, ಸ್ವೀಟ್ ಹಂಚಿದರು, ನಾನೂ ತಿಂದೆ.

ಆಮೇಲೆ ಒಂದು ಮದುವೆ ಮನೆಯಲ್ಲಿ, ಊಟದ ಸಾಲಿನಲ್ಲಿ, ಒಬ್ಬ ಹೆಂಗಸು ನನ್ನನ್ನು ಗುರುತು ಹಿಡಿದಳು. ಅವಳ ಗಂಡನೂ ಆ ಕಂತು ನೋಡಿ ಅವತ್ತೇ ಕುಡಿತ ಬಿಟ್ಟನಂತೆ. ಎರಡನೇ ದಿನ ಫಿಟ್ಸ್ ಬಂತು. ಮೂರನೇ ರಾತ್ರಿ ಗೋಡೆ ತುಂಬಾ ಇರುವೆ ಅಂತ ಬರಿಗೈಯಲ್ಲಿ ಉಜ್ಜಿ ಉಜ್ಜಿ ಕೈ ಸುಲಿದುಕೊಂಡನಂತೆ. ಉಳಿದುಕೊಂಡ, ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ. ದಿನಾ ಕುಡಿಯುವವರು ದಿಢೀರ್ ಅಂತ ಬಿಟ್ಟರೆ ಹೀಗಾಗಬಹುದು ಅಂತ ಯಾವ ಡಾಕ್ಟರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ. ಅವಳು ನನ್ನನ್ನು ಬೈಯಲಿಲ್ಲ. "ನಿಮ್ಮ ಸೀರಿಯಲ್‌ನವರಿಗೆ ಹಿಂಗೆಲ್ಲ ಆಗ್ಲಿಲ್ವಲ್ಲಾ ಮೇಡಂ, ನಮ್ಮವರಿಗೆ ಮಾತ್ರ ಯಾಕಾಯ್ತು?" ಅಂತ ಕೇಳಿದಳು. ಎಲೆಯ ಮೇಲೆ ಹೋಳಿಗೆ ಬಿದ್ದಿತ್ತು. ಮುಟ್ಟಲಾಗಲಿಲ್ಲ.

ನಿನ್ನದು ಪಿಶಾಚಿ ಕತೆ, ಯಾರು ನಂಬುತ್ತಾರೆ ಅನ್ನಬೇಡ. ರಕ್ತ ಸುಳ್ಳೇ ಇರಲಿ. ಅದಿಲ್ಲದೆ ಅವಳು ಪಡುವ ಪಾಡು ಯಾರದೋ ಮನೆಯಲ್ಲಿ ನಿಜ. "ದಿ ಸ್ಟ್ರೇನ್" ಸೀರಿಯಲ್ಲಿನ ಮುದುಕ ಪಾಮರ್‌ನನ್ನು ನೋಡು. ನ್ಯೂಯಾರ್ಕಿನ ಕೋಟ್ಯಧಿಪತಿ. ಪಿಶಾಚಿಗಳ ಒಡೆಯ ಕೊಟ್ಟ ಬಿಳಿ ದ್ರವದಿಂದ ಎದ್ದು ಓಡಾಡುತ್ತಾನೆ. ಅದು ಸಿಗದಿದ್ದರೆ ಮತ್ತೆ ಅದೇ ಹಳೆಯ ರೋಗಿ. ಅಷ್ಟು ದುಡ್ಡಿದ್ದವನು ಇನ್ನೊಂದು ಗುಟುಕಿಗೆ ಬೇಡಬೇಕು. ಅವನ ಮೈಯನ್ನು ಬರೆದವರು ಮರೆಯಲಿಲ್ಲ.

ಆರನೇ ಕಂತು ಹರಿದು ಹಾಕು. ಏಳು, ಎಂಟೂ ಆಮೇಲೆ ತಾನಾಗಿ ಬದಲಾಗುತ್ತವೆ. ಲೋಟದ ಸೀನು ಮುಟ್ಟಿದರೆ ಮಾತ್ರ ನಿನ್ನ ಹತ್ತಿರ ಮಾತು ಬಿಡ್ತೀನಿ. ಮುಂದಿನ ತಿಂಗಳು ಯಾವುದಾದರೂ ಭಾನುವಾರ ಮನೆಗೆ ಬಾ. ಪಿಡಿಎಫ್ ಬೇಡ, ನನ್ನ ಕಣ್ಣಿಗೆ ಆಗುವುದಿಲ್ಲ, ಪ್ರಿಂಟ್ ತೆಗೆದುಕೊಂಡು ಬಾ. ಚಾಕು ತಾಗಿದ ಅವಳ ಬೆರಳು ಹತ್ತನೇ ದಿನ ಹೇಗಿದೆ ಅಂತ ಮೊದಲು ಆ ಪುಟ ತಿರುಗಿಸಿ ನೋಡುತ್ತೇನೆ.

ಇಂತಿ,
ನಿನ್ನ ಮೇಡಂ