ಕಾಫಿ ಕೊಯ್ಲಿಗೆ ಬರುವ ಮಕ್ಕಳಿಗೆ ಶಾಲೆ ಸಿಗಲಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಚಿಕ್ಕಮಗಳೂರು ಜಿಲ್ಲಾ ಉಸ್ತುವಾರಿ ಸಚಿವರೇ,

ನವೆಂಬರ್ ಬಂತೆಂದರೆ ಆಲ್ದೂರು, ಮೂಡಿಗೆರೆ, ಕಳಸದ ತೋಟಗಳ ಲೈನ್ ಮನೆಗಳು (ಕೂಲಿಯವರ ಸಾಲುಮನೆಗಳು) ಅಸ್ಸಾಂ, ಜಾರ್ಖಂಡ್, ಉತ್ತರ ಕರ್ನಾಟಕದ ಕುಟುಂಬಗಳಿಂದ ತುಂಬುತ್ತವೆ. ರೋಬಸ್ಟಾ ಕೊಯ್ಲು ತೀರುವ ಹೊತ್ತಿಗೆ ಮಾರ್ಚ್. ಜೂನ್‌ನ ದಾಖಲಾತಿ ಲೆಕ್ಕಕ್ಕೂ ಮಾರ್ಚ್‌ನ ಪರೀಕ್ಷೆಗೂ ಈ ಮಕ್ಕಳು ಸಿಗುವುದಿಲ್ಲ. ಕೊಯ್ಲಿಗೆ ಕೆ.ಜಿ. ಲೆಕ್ಕದ ಕೂಲಿ. ಗಂಡ ಹೆಂಡತಿ ಇಬ್ಬರೂ ತೋಟಕ್ಕಿಳಿದರೆ ಹಸುಗೂಸನ್ನು ಎತ್ತಿಕೊಂಡು ಕೂರುವವಳು ಎಂಟೊಂಬತ್ತು ವರ್ಷದ ಅಕ್ಕ. ಲೈನಿನ ಹತ್ತಿರ ಕೂಸಿನ ಮನೆಯೋ ಅಂಗನವಾಡಿಯೋ ಇಲ್ಲದೆ ಅವಳನ್ನು ಶಾಲೆಗೆ ಕರೆದು ಪ್ರಯೋಜನವಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆ ಇಲ್ಲವೆಂದಾಗಲಿ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಆದರೂ ‘ಆಧಾರ್ ತನ್ನಿ’ ಎಂಬ ಒಂದು ಮಾತಿಗೆ ಎಷ್ಟೋ ಪೋಷಕರು ಮತ್ತೆ ಶಾಲೆಯ ಕಡೆ ತಲೆ ಹಾಕುವುದಿಲ್ಲ.

ವಿದೇಶಿ ನೆರವು ಬಂದರೆ ಎಲ್ಲ ಸರಿಹೋದೀತೆಂಬ ನಂಬಿಕೆ ನಮಗಿಲ್ಲ. 1994ರಲ್ಲಿ ವಿಶ್ವಬ್ಯಾಂಕ್ ಮತ್ತಿತರರ ಹಣದಿಂದ ಶುರುವಾದ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಮಹಿಳಾ ಸಾಕ್ಷರತೆ ಕಡಿಮೆಯಿದ್ದ ಜಿಲ್ಲೆಗಳನ್ನು ಆರಿಸಿಕೊಂಡಿತು. ಕರ್ನಾಟಕದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು. ಜಿಲ್ಲೆಯ ಸರಾಸರಿ ನೋಡಿ ಹಣ ಹಂಚಿದರೆ ಲೈನ್ ಮನೆಯ ಬಡತನ ಯಾರ ಕಣ್ಣಿಗೂ ಬೀಳದು. 2020ರಲ್ಲಿ ವಿಶ್ವಬ್ಯಾಂಕ್ ಸಾಲ ಮಂಜೂರಾದ, ಶಾಲಾ ಕಲಿಕೆ ಸುಧಾರಿಸುವ ಸ್ಟಾರ್ಸ್ ಯೋಜನೆಯ ಆರು ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ. ಅದೇ ವರ್ಷ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ) ತಿದ್ದುಪಡಿಯಾದ ಮೇಲೆ ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ದೇಣಿಗೆಯನ್ನು ಮೂಡಿಗೆರೆಯ ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ.

ನೆರವು ಫಲ ಕೊಟ್ಟ ಉದಾಹರಣೆಯೂ ನಮ್ಮಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಯುನಿಸೆಫ್ ಬೆಂಬಲದಿಂದ ಕೆಳಗಿನ ತರಗತಿಗಳಿಗೆ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಕ್ರಮ ಕಟ್ಟಿದರು. ಮುಂದೆ ಸರ್ಕಾರವೇ ಅದನ್ನು ರಾಜ್ಯಕ್ಕೆಲ್ಲ ಹಬ್ಬಿಸಿತು. ಅದರಲ್ಲಿ ಪಾಠ ತಿಂಗಳಿನ ಮೇಲೆ ನಡೆಯುವುದಿಲ್ಲ, ಕಲಿಕಾ ಏಣಿಯ ಮೇಲೆ, ಅಂದರೆ ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುವ ಮೆಟ್ಟಿಲುಗಳ ಮೇಲೆ ನಡೆಯುತ್ತದೆ. ನವೆಂಬರ್‌ನಲ್ಲಿ ಬಂದ ಮಗು ಮೊದಲ ಮೆಟ್ಟಿಲಿನ ಕಾರ್ಡ್ ಹಿಡಿದು ಕೂರಬಹುದು, ಪಕ್ಕದವನು ಹದಿನೈದನೆಯದರಲ್ಲಿ ಇದ್ದರೂ ಅಡ್ಡಿಯಿಲ್ಲ. ವಲಸೆ ಮಗುವಿಗೆ ಇದಕ್ಕಿಂತ ಹೊಂದುವ ಕ್ರಮ ನಾವು ಕಂಡಿಲ್ಲ. ತೊಡಕು ಇರುವುದು ನಲಿ-ಕಲಿಯ ತರಗತಿಗಳನ್ನು ದಾಟಿದ ವಯಸ್ಸಿನ ದೊಡ್ಡ ಮಕ್ಕಳಿಗೆ. ಹತ್ತು ವರ್ಷದವನನ್ನು ವಯಸ್ಸು ನೋಡಿ ಐದನೇ ತರಗತಿಯಲ್ಲಿ ಕೂರಿಸುತ್ತಾರೆ, ಅವನಿಗೆ ಕನ್ನಡದ ಅಕ್ಷರವೇ ಗೊತ್ತಿರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಮು ಹೇಳುವ ವಿಶೇಷ ತರಬೇತಿ ಅವನಿಗೆ ಸಿಗಲೇಬೇಕು.

ಆದ್ದರಿಂದ ದಾನಿಗಳು ಬಂದಾಗ ಸ್ಮಾರ್ಟ್ ಬೋರ್ಡ್ ಕೇಳಬೇಡಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಹಿಂದಿ ಅಥವಾ ಜಾರ್ಖಂಡ್ ಕಡೆಯ ಸಾದರಿ ಭಾಷೆ ಬಲ್ಲ ಒಬ್ಬ ಸಹಾಯಕರ ಸಂಬಳ ಕೇಳಿ. ಅಕ್ಟೋಬರ್ ಕೊನೆಯಲ್ಲೇ ಸಿಆರ್‌ಪಿಗಳು (ಶಾಲಾ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿಗಳು) ತೋಟದ ಲೆಕ್ಕ ಬರೆಯುವ ರೈಟರ್‌ಗಳನ್ನು ಕಂಡು, ಹಾಜರಿ ಪುಸ್ತಕದಲ್ಲಿ ಕೂಲಿಯವರ ಜೊತೆ ಮಕ್ಕಳ ಹೆಸರು, ವಯಸ್ಸು ಬರೆಸಲಿ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಗುವಿನ ಸಾರಿಗೆಗೆ ವರ್ಷಕ್ಕೆ 6,000 ರೂ.ವರೆಗೆ ಅವಕಾಶವಿದೆ, ದೂರದ ತೋಟಗಳಿಗೆ ಅದನ್ನು ಕೊಡಿಸಿ. ಮಾರ್ಚ್‌ನಲ್ಲಿ ಕುಟುಂಬ ಹೊರಡುವ ಮುನ್ನ ಟಿಸಿ, ವಿದ್ಯಾರ್ಥಿ ಸಂಖ್ಯೆ, ಏಣಿಯ ಯಾವ ಮೆಟ್ಟಿಲಿನವರೆಗೆ ಮಗು ಕಲಿತಿದೆ ಎಂಬ ಪ್ರಗತಿ ಹಾಳೆಯ ಪ್ರತಿ, ಈ ಮೂರೂ ತಾಯಿಯ ಕೈಗೆ ಸೇರುವಂತೆ ಈ ಕೊಯ್ಲಿಗೆ ಮೊದಲೇ ಸುತ್ತೋಲೆ ಹೊರಡಿಸಿ.

ಇತಿ,
ವಲಸೆ ಮಕ್ಕಳ ಶಿಕ್ಷಣದಲ್ಲಿ ತೊಡಗಿರುವವರು, ಚಿಕ್ಕಮಗಳೂರು